‘ಕ್ಯೂರ್’ ಎಂಬ ಕ್ರಿಯಾಪದ

ಹಲವು ವರ್ಷಗಳ ಹಿಂದಿನ ಮಾತು. ಇಂಗ್ಲಿಷ್ ಮೇಷ್ಟರು ರಜೆಯಲ್ಲಿದ್ದ ದಿನ ಕನ್ನಡ ಪಂಡಿತನಾದ ನಾನು ಅವರ ತರಗತಿಗೆ ಹೋಗಬೇಕಾಯಿತು. ‘ಕ್ಯೂರ್’ ಎಂದರೇನೆಂದು ಕೇಳಿದೆ. ಹುಣಸೂರು ಕಡೆಯ ರೈತರ ಮನೆಯ ಹುಡುಗನೊಬ್ಬ ಎದ್ದುನಿಂತು, “ಹೊಗೆಸೊಪ್ಪು ಬೇಯ್ಸೋದು, ಸಾ” ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ‘ರೋಗ ವಾಸಿಮಾಡು’ ಎಂದು ತಿದ್ದಿ ಕೂರಿಸಿದೆ. ಆ ಗಂಟೆ ಮುಗಿಯುವವರೆಗೆ ಹುಡುಗ ತಲೆಯೆತ್ತಲಿಲ್ಲ.

ಮನೆಗೆ ಬಂದು ನಿಘಂಟು ತೆರೆದಾಗ ನಾಚಿಕೆಯಾದದ್ದು ನನಗೆ. ಈ ಶಬ್ದದ ಮೂಲ ಲ್ಯಾಟಿನ್ನಿನ ‘ಕೂರ’. ಅರ್ಥ ಆರೈಕೆ, ಚಿಂತೆ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಹೊಸತರಲ್ಲಿ, ಪಾದ್ರಿಯು ಜನರ ಆತ್ಮದ ಯೋಗಕ್ಷೇಮ ನೋಡಿಕೊಳ್ಳುವುದಕ್ಕೂ ಇದೇ ಹೆಸರಿತ್ತು. ೧೪ನೆಯ ಶತಮಾನದಲ್ಲಿ ರೋಗ ವಾಸಿಮಾಡುವ ಅರ್ಥ ಬಂತು. ೧೭ನೆಯ ಶತಮಾನದಲ್ಲಿ ಮೀನು, ಮಾಂಸಗಳನ್ನು ಕೆಡದಂತೆ ಹದಮಾಡುವ ಅರ್ಥವೂ ಸೇರಿತು. ಹೊಗೆಸೊಪ್ಪು ಈ ಕವಲಿಗೆ ಸೇರಿದ್ದು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ವರ್ಜೀನಿಯ ತಂಬಾಕಿನ ಬ್ಯಾರನ್‌ಗಳನ್ನು ನೀವು ಕಂಡಿರಬಹುದು. ಈ ‘ಬ್ಯಾರನ್’ ಇಂಗ್ಲಿಷಿನ ‘ಬಾರ್ನ್’. ಮೂಲಾರ್ಥ ಬಾರ್ಲಿಯ ಮನೆ. ಕಡ್ಡಿಗಳಿಗೆ ಕಟ್ಟಿದ ಹಸಿ ಎಲೆಗಳನ್ನು ಒಳಗೆ ಸಾಲಾಗಿ ತೂಗುಹಾಕಿ, ಒಲೆಯ ಬಿಸಿಯನ್ನು ತಗಡಿನ ಕೊಳವೆಗಳಲ್ಲಿ ಹರಿಸುತ್ತಾರೆ. ಹೊಗೆ ಎಲೆಗೆ ತಾಕಕೂಡದು. ಮೊದಲು ಮಂದ ಕಾವು. ಎಲೆಯ ಪಿಷ್ಟ ಸಕ್ಕರೆಯಾಗಿ, ಹಸಿರು ಹಳದಿಗೆ ತಿರುಗುತ್ತದೆ. ಬಳಿಕ ಕಾವೇರಿಸಿ ಎಲೆಯನ್ನೂ, ಕಡೆಗೆ ಸುಮಾರು ೭೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ನಡುದಂಟನ್ನೂ ಒಣಗಿಸುತ್ತಾರೆ. ಐದಾರು ದಿನ, ರಾತ್ರಿಯೂ ನಿದ್ದೆಗೆಟ್ಟು ಕಾಯಬೇಕು. ಕಾವು ತಪ್ಪಿದರೆ ಬಣ್ಣ ಕೆಟ್ಟು, ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಇದು ಆರೈಕೆಯಲ್ಲದೆ ಮತ್ತೇನು?

ನಮ್ಮ ‘ಆರೈಕೆ’ಯ ಕಥೆಯೂ ಇಂಥದೇ. ಹಳಗನ್ನಡದ ‘ಆರಯ್’ ಧಾತುವಿಗೆ ವಿಚಾರಿಸು, ಪೋಷಿಸು ಎಂಬ ಎರಡು ಅರ್ಥಗಳುಂಟು. ಲ್ಯಾಟಿನ್ನಿನ ‘ಕೂರ’ದಿಂದಲೂ ಆರೈಕೆಯ ‘ಕ್ಯೂರ್’ ಒಂದು ಕಡೆ, ಕುತೂಹಲದ ‘ಕ್ಯೂರಿಯಸ್’ ಇನ್ನೊಂದು ಕಡೆ ಹುಟ್ಟಿವೆ. ಪೋಷಿಸುವವನು ವಿಚಾರಿಸಬೇಕೆಂಬುದನ್ನು ಎರಡು ದೂರದ ಭಾಷೆಗಳು ಬೇರೆ ಬೇರೆಯಾಗಿ ಕಂಡುಕೊಂಡಿವೆ. ವಿಚಾರಿಸದೆ ತಿದ್ದಿದವನು ನಾನು.

ಮಾರನೆಯ ದಿನ ಎಲ್ಲರೆದುರು, ಆ ಹುಡುಗನ ಉತ್ತರವೂ ಸರಿಯೆಂದು ಹೇಳಿದೆ. ಅವನು ಮೆಲ್ಲಗೆ, “ಸೇದಿದೋರ್ಗೆ ಕಾಯ್ಲೆ ಬರ್ತದಲ್ಲ, ಸಾ. ಅದ್ನ ಬೇಯ್ಸೋದ್ಕೂ ವಾಸಿ ಮಾಡೋ ಮಾತೇನಾ?” ಎಂದು ಕೇಳಿದ. ಈ ಸಲ ಯಾರೂ ನಗಲಿಲ್ಲ.