ಹೆಸರಿಲ್ಲದ ಅಂಗ

ಹೆಣ್ಣಿನ ಬದುಕಿನ ಹಂತಗಳನ್ನು ಹೇಳಲು ನಮ್ಮ ಕಡೆಯ ಮಾತಿಗೆ ಬಡತನವಿಲ್ಲ. ದೊಡ್ಡಾಕಿ ಆದಳು, ಹೊರಗಾದಳು, ಬಸುರಿ, ಬಾಣಂತಿ, ಮುಟ್ಟು ನಿಂತಾಕಿ. ಒಂದೊಂದಕ್ಕೂ ಬೇರೆ ಪಥ್ಯ, ಬೇರೆ ಆರೈಕೆ. ಒಳಗಿನ ಅಂಗಗಳ ವಿಷಯಕ್ಕೆ ಬಂದರೆ ಮಾತ್ರ ನಮ್ಮಲ್ಲಿರುವುದು ಒಂದೇ ಪದ: ಗರ್ಭಚೀಲ. ದಖನಿ ಆಡುವ ಮನೆಗಳಲ್ಲಿ ಬಚ್ಚೇದಾನಿ, ಮಗುವನ್ನಿಡುವ ಪಾತ್ರೆ. ಅಂಡಾಶಯಕ್ಕೆ ಈ ಎರಡು ಮನೆಮಾತುಗಳಲ್ಲೂ ಹೆಸರಿಲ್ಲ.

ವೈದ್ಯರಿಗೂ ಬಹುಕಾಲ ಇದೇ ಗತಿ. ಹೆಣ್ಣಿನ ಅಂಗಗಳೆಂದರೆ ಗಂಡಿನವೇ, ಒಳಮುಖವಾಗಿ ತಿರುಗಿವೆ ಅಷ್ಟೆ ಎಂದರು 2ನೆಯ ಶತಮಾನದ ಗ್ಯಾಲೆನ್. 11ನೆಯ ಶತಮಾನದಲ್ಲಿ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ನಲ್ಲಿ ಅದನ್ನೇ ಒಪ್ಪಿದರು. ಹೀಗಾಗಿ ಯುನಾನಿ ಹಕೀಮರ ಉರ್ದು ಗ್ರಂಥಗಳಲ್ಲಿ ಅಂಡಾಶಯಕ್ಕೆ ‘ಖುಸಿಯತುರ್ರಹಿಮ್’ ಎಂಬ ಹೆಸರು ನಿಂತಿತು; ಅಂದರೆ ಗರ್ಭಾಶಯದ ವೃಷಣ! ಅರಬಿಯ ರಹಿಮ್‌ಗೂ ಕರುಣೆ ಎಂಬ ಅರ್ಥದ ರಹ್ಮತ್‌ಗೂ ಬೇರು ಒಂದೇ. ಗರ್ಭಾಶಯಕ್ಕೆ ಅಷ್ಟು ಚೆಂದದ ಹೆಸರು ಸಿಕ್ಕರೆ, ಅದರ ನೆರೆಯ ಅಂಗಕ್ಕೆ ಸಿಕ್ಕಿದ್ದು ಗಂಡಿನಿಂದ ಕಡ ತಂದದ್ದು. 1561ರಲ್ಲಿ ಇಟಲಿಯ ಫೆಲೋಪಿಯೊ ಅಂಡನಾಳಗಳನ್ನು ವಿವರಿಸಿದರು. 1672ರಲ್ಲಿ ಡಚ್ ವೈದ್ಯ ಡಿ ಗ್ರಾಫ್ ಅಂಡಾಶಯದ ಕೆಲಸವೇ ಬೇರೆ ಎಂದರು. ಸಸ್ತನಿಯ ಅಂಡಾಣುವನ್ನು ಫಾನ್ ಬೇರ್ ಕಂಡದ್ದು 1827ರಲ್ಲಿ, ಅದೂ ನಾಯಿಯ ಅಂಡಾಶಯದಲ್ಲಿ.

ಈ ತಿಳಿವು ನಮ್ಮ ಹೊಳೆದಂಡೆಯವರೆಗೆ ಬಂತೇ? ದಢೇಸುಗೂರು ತುಂಗಭದ್ರೆಯ ದಡದ ಊರು. 1948ರವರೆಗೆ ಈಚೆ ದಡ ನಿಜಾಮರದು, ಆಚೆಯ ಸಿರುಗುಪ್ಪದ ಸೀಮೆ ಮದ್ರಾಸಿನದು. ಹೈದರಾಬಾದಿನಲ್ಲಿ 1917ರಲ್ಲಿ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆ ಕಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯವಿದ್ಯೆಯನ್ನೂ ಉರ್ದುವಿನಲ್ಲೇ ಕಲಿಸಿದರು. ದೊಡ್ಡ ಸಾಹಸವೇ. ಆದರೆ ಆ ಪದಗಳು ಇಲ್ಲಿನ ಅಡುಗೆಮನೆಗೆ ಇಳಿಯಲಿಲ್ಲ. ಆಮೇಲಿನ ಕನ್ನಡ ಪಠ್ಯದ ‘ಅಂಡಾಶಯ’ವೂ ಪುಸ್ತಕದಲ್ಲೇ ಉಳಿಯಿತು. (ಆ ಪಾಠ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎನ್ನುವ ಮೇಷ್ಟರನ್ನು ಯಾರು ಕಂಡಿಲ್ಲ?)

ಚೀಲವೆಂದ ಮೇಲೆ ಖಾಲಿಯಾದರೆ ಬಿಸಾಡಬಹುದು. ‘ಮಕ್ಕಳಾದವಲ್ಲ, ಇನ್ನ್ಯಾಕ ಅದು’ ಎಂಬ ಮಾತು ನಮ್ಮ ಊರುಗಳಲ್ಲಿ ಹೊಸದಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಹೊರಬಿದ್ದ ಸುದ್ದಿ ನೆನಪಿದೆ: ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಹೆಂಗಸರ ಗರ್ಭಚೀಲ ತೆಗೆದಿದ್ದರು, ಹಲವರಿಗೆ ನಲವತ್ತೂ ಆಗಿರಲಿಲ್ಲ. ಮಕ್ಕಳಾಗದಂತೆ ಮಾಡುವ ಆಪರೇಷನ್ನಿನಲ್ಲಿ ಮುಚ್ಚುವುದು ನಾಳಗಳನ್ನು ಮಾತ್ರ, ಮುಟ್ಟು ನಿಲ್ಲುವುದಿಲ್ಲ. ಗರ್ಭಾಶಯ ತೆಗೆದರೆ ನಿಲ್ಲುತ್ತದೆ. ಜೊತೆಗೆ ಎರಡೂ ಅಂಡಾಶಯಗಳು ಹೋದರೆ, ನಲವತ್ತೈದು ದಾಟಿ ಬರಬೇಕಾದ ಹಂತ ಅಂದಿನಿಂದಲೇ ಶುರು: ಮೈಬಿಸಿ, ನಿದ್ದೆಗೇಡು, ಎಲುಬಿನ ಸವೆತ.

ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು. ಆದರೆ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ಕೋರ್ಟಲ್ಲ, ನಮ್ಮ ಅಕ್ಕತಂಗಿಯರು. ಒತ್ತುವ ಮುನ್ನ ‘ಏನು ತೆಗೀತೀರಿ ಡಾಕ್ಟ್ರೇ, ಚೀಲಾನೋ, ಅಂಡಾಶಯಾನೋ, ಎರಡೂನೋ?’ ಎಂದು ಕೇಳಲು ಆ ಎರಡನೆಯ ಪದ ಅವರ ಬಾಯಲ್ಲಿರಬೇಕು.