ಮೋಟಾರುಸೈಕಲ್ಲಿನ ಟ್ರೇಲರ್ ಸಾಗಣೆ

ಮೋಟಾರುಸೈಕಲ್ಲನ್ನು ಚಲಾಯಿಸದೆ, ಬೇರೊಂದು ವಾಹನವೆಳೆಯುವ ಟ್ರೇಲರಿನ ಮೇಲೆ ನೆಟ್ಟಗೆ ನಿಲ್ಲಿಸಿ ಬಿಗಿದು ಒಯ್ಯುವ ಕ್ರಮ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಇದಕ್ಕೆಂದೇ ನಿರ್ಮಿತವಾದ ಟ್ರೇಲರ್ ವಿರಳವಾದುದರಿಂದ, ಕಬ್ಬು ಹೇರುವ ಟ್ರ್ಯಾಕ್ಟರಿನ ಟ್ರೇಲರೇ ಕೆಟ್ಟುನಿಂತ ಗಾಡಿಗೂ ಒದಗುವುದುಂಟು. ಮುಂಚಕ್ರವನ್ನು ಮುಂದಣ ಹಲಗೆಗೆ ಒತ್ತಿ ನಿಲ್ಲಿಸಿ, ಫೋರ್ಕು ಸುಮಾರು ಅರ್ಧದಷ್ಟು ಕುಗ್ಗುವಂತೆ ಉಭಯ ಪಾರ್ಶ್ವಗಳಲ್ಲಿಯೂ ಪಟ್ಟಿಗಳನ್ನು ಮುಂದಕ್ಕೆ ಓರೆಯಾಗಿ ಕೆಳಕ್ಕೆಳೆದು, ಹಿಂಭಾಗವು ಅತ್ತಿತ್ತ ಸರಿಯದಂತೆ ಇನ್ನೆರಡನ್ನು ಕಟ್ಟುವುದು ಇದರ ಮುಖ್ಯ ವಿಧಾನ. ಪೂರ್ಣವಾಗಿ ಕುಗ್ಗಿಸಿದಲ್ಲಿ ಫೋರ್ಕಿನ ಎಣ್ಣೆಸೀಲು ಕೆಡಬಹುದು. ಸೈಡ್ ಸ್ಟ್ಯಾಂಡನ್ನೇ ನೆಚ್ಚಿ ಒಂದು ಹಗ್ಗ ಸುತ್ತಿಬಿಡುವ ರೂಢಿ ಅಪಾಯಕರವಾದುದು, ಏಕೆಂದರೆ ಎರೆಭೂಮಿಯ ಹೊಲದಾರಿಯ ಕುಲುಕಾಟದಲ್ಲಿ ಸ್ಟ್ಯಾಂಡು ಮಡಚಿಕೊಂಡು ಗಾಡಿ ಉರುಳೀತು. ಭಾರವು ಅಚ್ಚಿಗಿಂತ ತುಸು ಮುಂದಿರುವುದೂ, ಪೆಟ್ರೋಲ್ ಕಾಕ್ ಇದ್ದಲ್ಲಿ ಅದು ಮುಚ್ಚಿರುವುದೂ, ಕೆಲವು ಮೈಲಿ ಸಾಗಿದ ತರುವಾಯ ಪಟ್ಟಿಗಳನ್ನು ಪುನಃ ಬಿಗಿಯುವುದೂ ಅವಶ್ಯ.