ಲೀಸಿನ ಕಾರು, ಸ್ವಂತ ಕಾರು: ಎರಡು ಎಲೆಕ್ಟ್ರಿಕ್ ಕಾರುಗಳ ಚರಿತ್ರೆ

ಬಾಡಿಗೆ ಎತ್ತನ್ನು ಯಾರೂ ಮನೆಯ ಎತ್ತಿನಂತೆ ನೋಡಿಕೊಳ್ಳುವುದಿಲ್ಲ ಎಂಬುದು ನಮ್ಮ ಹಳ್ಳಿಗಳ ಹಳೆಯ ತಿಳಿವಳಿಕೆ. ಸ್ವಂತದ್ದಾದರೆ ಜೋಪಾನ, ಬಾಡಿಗೆಯದಾದರೆ ಅಸಡ್ಡೆ. ತಂತ್ರಜ್ಞಾನದ ಚರಿತ್ರೆ ಓದುತ್ತಿರುವ ಸಂಶೋಧನಾ ವಿದ್ಯಾರ್ಥಿಯಾದ ನನ್ನನ್ನು ಈ ಮಾತನ್ನು ತಲೆಕೆಳಗು ಮಾಡುವ ಪ್ರಸಂಗವೊಂದು ಮತ್ತೆ ಮತ್ತೆ ಕಾಡುತ್ತದೆ. ಅಲ್ಲಿ ಲೀಸಿಗೆ ಪಡೆದವರೇ ಕಾರನ್ನು ಉಳಿಸಿ ಎಂದು ಬೀದಿಯಲ್ಲಿ ಕುಳಿತರು. ಒಡೆಯನೇ ಅದನ್ನು ಜಜ್ಜಿಸಿ ಹಾಕಿದ.

ಬೆಂಗಳೂರಿನಲ್ಲಿ ಲೀಸ್ ಎಂದರೆ ಮನೆಯವರಿಗೆ ಒಂದು ಗಂಟು ಕೊಟ್ಟು, ಬಿಡುವಾಗ ವಾಪಸು ಪಡೆಯುವ ಭೋಗ್ಯ. ಅಮೆರಿಕದ ಕಾರಿನ ಲೀಸ್ ಬೇರೆ. ಎರಡು ಮೂರು ವರ್ಷ ತಿಂಗಳು ತಿಂಗಳು ಹಣ ಕಟ್ಟಿ ಕಾರನ್ನು ಹಿಂದಿರುಗಿಸಬೇಕು. ಸಾಮಾನ್ಯವಾಗಿ ಕೊನೆಗೆ ಕೊಂಡುಕೊಳ್ಳುವ ಅವಕಾಶವೂ ಇರುತ್ತದೆ. ಅಲ್ಲಿಯವರೆಗೆ ಕಂಪನಿ ಹೇಳಿದ ಕಾಲಕ್ಕೆ ಸರ್ವಿಸ್ ಮಾಡಿಸಬೇಕು, ರಸೀದಿ ಇಟ್ಟುಕೊಳ್ಳಬೇಕು. ಮಿತಿ ಮೀರಿ ಓಡಿಸಿದರೆ, ಅತಿಯಾಗಿ ಸವೆಸಿದರೆ ಹೆಚ್ಚಿನ ಹಣ ತೆರಬೇಕು. ಸ್ವಂತ ಕಾರಿನವರಿಗೆ ಈ ಕಟ್ಟಳೆಗಳಿಲ್ಲ. ಸರ್ವಿಸ್ ಮುಂದೂಡಬಹುದು, ಪರಿಚಯದ ಮೆಕ್ಯಾನಿಕ್ ಹತ್ತಿರ ಹೋಗಬಹುದು, ಗುಜರಿಯಿಂದ ಬಿಡಿಭಾಗ ತಂದು ಹಾಕಿಸಬಹುದು. ಅದರ ಫಲವನ್ನು ಮಾತ್ರ ಅವರೇ ಉಣ್ಣಬೇಕು.

1990ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ದೊಡ್ಡ ಕಾರು ಕಂಪನಿಗಳಿಗೆ ಒಂದು ಷರತ್ತು ಹಾಕಿತು: 1998ರ ಹೊತ್ತಿಗೆ ಅಲ್ಲಿ ಮಾರುವ ಕಾರುಗಳಲ್ಲಿ ಶೇ. 2ರಷ್ಟು ಹೊಗೆಯನ್ನೇ ಉಗುಳಬಾರದು. ಷರತ್ತು ಮುಂದೆ ಸಡಿಲವಾಯಿತು. ಆದರೆ ಆ ವೇಳೆಗೆ ಜನರಲ್ ಮೋಟರ್ಸ್ ಇವಿ1 ಎಂಬ ಎಲೆಕ್ಟ್ರಿಕ್ ಕಾರನ್ನು ಸಿದ್ಧಪಡಿಸಿತ್ತು. 1996ರ ಡಿಸೆಂಬರಿನಿಂದ ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾದಲ್ಲಿ ಅದನ್ನು ಲೀಸಿಗೆ ಕೊಟ್ಟರು. ತಯಾರಾದದ್ದು 1,117 ಕಾರುಗಳು. ಕೊಂಡುಕೊಳ್ಳುವ ಅವಕಾಶ ಯಾರಿಗೂ ಇರಲಿಲ್ಲ. ಸರ್ವಿಸ್, ದುರಸ್ತಿ ಎಲ್ಲ ಕಂಪನಿಯದೇ ಹೊಣೆ. ಬಳಸುವವರಿಗೆ ಇದಕ್ಕಿಂತ ನೆಮ್ಮದಿ ಬೇಕೆ?

ನೆಮ್ಮದಿಯ ಬೆಲೆ ಗೊತ್ತಾದದ್ದು ಲೀಸ್ ಮುಗಿದಾಗ. ಕಂಪನಿ ಎಲ್ಲ ಕಾರುಗಳನ್ನೂ ವಾಪಸು ಪಡೆದು, 2003ರಿಂದ ಬಹುಪಾಲನ್ನು ಜಜ್ಜಿಸಿತು. ಅದು ಕೊಟ್ಟ ಕಾರಣಗಳಲ್ಲಿ ಒಂದು ನಿರ್ವಹಣೆಯದೇ: ಬಿಡಿಭಾಗ ಪೂರೈಸುವವರು ಇಲ್ಲದಿರುವಾಗ ದುರಸ್ತಿಯ ಭರವಸೆ ಕೊಡಲಾಗದು. 2005ರಲ್ಲಿ ಬರ್ಬ್ಯಾಂಕ್ ಪಟ್ಟಣದಲ್ಲಿ ಉಳಿದಿದ್ದ 78 ಕಾರುಗಳಿಗಾಗಿ ಅಭಿಮಾನಿಗಳು ಹಗಲು ರಾತ್ರಿ ಕಾವಲು ಕುಳಿತರು. ಸುಮಾರು 19 ಲಕ್ಷ ಡಾಲರ್ ಕೊಡುತ್ತೇವೆ, ಮುಂದಿನ ದುರಸ್ತಿ ನಮ್ಮದೇ ಎಂದರು. ಕಂಪನಿ ಒಪ್ಪಲಿಲ್ಲ. ವಸ್ತುಸಂಗ್ರಹಾಲಯಗಳಿಗೂ ವಿಶ್ವವಿದ್ಯಾಲಯಗಳಿಗೂ ಕೊಟ್ಟ ಕೆಲವೇ ಕಾರುಗಳು ಉಳಿದವು. ಅವುಗಳಲ್ಲೂ ಹೆಚ್ಚಿನವು ಓಡದಂತೆ ಮಾಡಿಟ್ಟವು.

ಅದೇ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೂ ಒಂದು ಎಲೆಕ್ಟ್ರಿಕ್ ಕಾರು ರೂಪುಗೊಳ್ಳುತ್ತಿತ್ತು. 1994ರಲ್ಲಿ ಮೈನಿ ಸಮೂಹವು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯ ಜೊತೆ ಸೇರಿ ಶುರುಮಾಡಿದ ರೇವಾ 2001ರಲ್ಲಿ ಮಾರುಕಟ್ಟೆಗೆ ಬಂತು. ಇವಿ1ರ ವೇಗವಾಗಲಿ ಠೀವಿಯಾಗಲಿ ಇದಕ್ಕಿರಲಿಲ್ಲ. ಆದರೆ ಇದನ್ನು ಕೊಂಡುಕೊಳ್ಳಬಹುದಿತ್ತು. ಕೊಂಡವರ ತಲೆಯ ಮೇಲೆ ನಿರ್ವಹಣೆಯೂ ಬಂತು. ಸೀಟಿನ ಕೆಳಗಿನ ಎಂಟು ಲೆಡ್-ಆಸಿಡ್ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸಬೇಕು; ಕೆಲವು ವರ್ಷಕ್ಕೊಮ್ಮೆ ಅಷ್ಟೂ ಬ್ಯಾಟರಿ ಬದಲಿಸುವ ಖರ್ಚು ಹೊರಬೇಕು. 2010ರಲ್ಲಿ ಕಂಪನಿ ಮಹೀಂದ್ರದ ಕೈಸೇರಿತು. ಆದರೆ ಮಾರಿದ ಕಾರನ್ನು ಮರಳಿ ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಇಟ್ಟುಕೊಳ್ಳುವುದೋ ಗುಜರಿಗೆ ಹಾಕುವುದೋ, ತೀರ್ಮಾನ ಮನೆಯವರದು.

ಸ್ವಂತದ್ದೇ ಮೇಲು ಎಂದು ನಾನು ಹೇಳುತ್ತಿಲ್ಲ. ಹೊಸ ತಂತ್ರಜ್ಞಾನದ ಅಪಾಯವನ್ನು ಬಳಸುವವರ ತಲೆಯಿಂದ ಇಳಿಸಲು ಲೀಸ್ ಒಳ್ಳೆಯ ಉಪಾಯವೇ. 1910ರ ದಶಕದಷ್ಟು ಹಿಂದೆಯೇ ಅಮೆರಿಕದ ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿ ಒಂದು ಮಧ್ಯದ ದಾರಿ ಹುಡುಕಿತ್ತು. ಎಲೆಕ್ಟ್ರಿಕ್ ಟ್ರಕ್ಕು ಗಿರಾಕಿಯದು, ಬ್ಯಾಟರಿ ಕಂಪನಿಯದು. ತಿಂಗಳ ಶುಲ್ಕದ ಜೊತೆಗೆ ಓಡಿದಷ್ಟು ಮೈಲಿಗೆ ದುಡ್ಡು. ಬ್ಯಾಟರಿಯ ಆರೈಕೆ ಕಂಪನಿಯ ಕೆಲಸ. 1924ರವರೆಗೆ ಅದು ನಡೆಯಿತು. ನೂರು ವರ್ಷದ ನಂತರ, 2024ರಲ್ಲಿ ಭಾರತದಲ್ಲಿ ಎಂಜಿ ವಿಂಡ್ಸರ್ ಕಾರು ಬಂದಾಗ ಬ್ಯಾಟರಿಗೆ ಕಿಲೋಮೀಟರಿಗೆ 3.5 ರೂಪಾಯಿ ಎಂಬ ಲೆಕ್ಕ ಕೇಳಿ, ಹಾರ್ಟ್‌ಫರ್ಡ್ ಓದಿದ್ದ ನನಗೆ ನಗು ಬಂತು.

ಬಾಡಿಗೆ ಎತ್ತಿನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅರ್ಧವೇ. ಯಾರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದಷ್ಟೇ ಅದು ಕೇಳುತ್ತದೆ. ನೋಡಿಕೊಳ್ಳುವ ಹಕ್ಕು ಯಾರದು ಎಂದು ಕೇಳುವುದಿಲ್ಲ. ಬರ್ಬ್ಯಾಂಕಿನಲ್ಲಿ ಕುಳಿತವರಿಗೆ ಅಕ್ಕರೆಯೂ ಇತ್ತು, ದುಡ್ಡೂ ಇತ್ತು. ಸ್ಪ್ಯಾನರ್ ಹಿಡಿಯುವ ಹಕ್ಕು ಇರಲಿಲ್ಲ. ಲೀಸಿನ ಕಾಗದಕ್ಕೆ ಸಹಿ ಹಾಕುವವರು ತಿಂಗಳ ಕಂತಿನ ಜೊತೆಗೆ ಇದನ್ನೂ ಓದಿಕೊಳ್ಳುವುದು ಒಳ್ಳೆಯದು: ಕಂಪನಿ ಕೈಬಿಟ್ಟ ದಿನ ಈ ಗಾಡಿಯನ್ನು ನಾನು ರಿಪೇರಿ ಮಾಡಿಸಿ ಇಟ್ಟುಕೊಳ್ಳಬಹುದೇ?